ಹಿಡಿಕೆಯ ಒಳಗೇನಿದೆ ನೋಡು

ತಮ್ಮಾ,

ಆ ಕತ್ತಿಗೆ ಹಣ ಕಳಿಸುವ ಮೊದಲು ಮಾರುವವನನ್ನು ಒಂದು ಮಾತು ಕೇಳು: ಹಿಡಿಕೆ ಬಿಚ್ಚಿ ಒಳಗಿನ ಫೋಟೊ ಕಳಿಸುತ್ತೀರಾ? ಕಳಿಸಿದರೆ ಮುಂದಿನ ಮಾತು. ಬಿಚ್ಚಲು ಬರುವುದಿಲ್ಲ ಅಂದನೋ, ವ್ಯವಹಾರ ಅಲ್ಲಿಗೇ ಬಿಡು. ನೀನು ಕಳಿಸಿದ ಚಿತ್ರ ನೋಡಿದೆ. ಕಪ್ಪು ಒರೆ, ಕೆಂಪು ಪಟ್ಟಿ ಸುತ್ತಿದ ಹಿಡಿಕೆ, ಅಲಗಿನ ಮೇಲೆ ಬೆಂಕಿಯುಗುಳುವ ಡ್ರ್ಯಾಗನ್. ಕಣ್ಣಿಗೆ ಚೆಂದವೇ. ಆದರೆ ನೀನು ಕಲಿಯಲು ಹೊರಟವನು. ಕಲಿಯುವವನ ಕತ್ತಿಯ ಗುಣವೆಲ್ಲ ಕಣ್ಣಿಗೆ ಬೀಳದ ಜಾಗದಲ್ಲಿರುತ್ತದೆ.

ಜಪಾನಿನ ಕತ್ತಿಯ ಅಲಗು ಹಿಡಿಕೆಯ ಬಾಯಿಗೆ ಬಂದು ಮುಗಿಯುವುದಿಲ್ಲ. ಅದರ ಬುಡ ಹೆಚ್ಚು ಅಗಲ ಕಳೆದುಕೊಳ್ಳದೆ ಹಿಡಿಕೆಯೊಳಗೆ ಬಹುದೂರ ಇಳಿದಿರುತ್ತದೆ. ಹಿಡಿಕೆ ಎಂದರೆ ಎರಡು ಮರದ ಹೋಳುಗಳನ್ನು ಕೂಡಿಸಿ ಮಾಡಿದ್ದು. ಅದರ ಮೇಲೆ ತೊರಕೆ ಮೀನಿನ ಒರಟು ಚರ್ಮ, ಅದರ ಮೇಲೆ ಹತ್ತಿಯ ಅಥವಾ ರೇಷ್ಮೆಯ ಪಟ್ಟಿಯ ಬಿಗಿ ಸುತ್ತು. ಹಿಡಿಕೆಗೂ ಒಳಗಿನ ಬುಡಕ್ಕೂ ಅಡ್ಡವಾಗಿ ಒಂದು ತೂತು. ಆ ತೂತಿನಲ್ಲಿ ಒಂದು ಸಣ್ಣ ಬಿದಿರ ಮೊಳೆ. ಮೆಕುಗಿ ಎನ್ನುತ್ತಾರೆ ಅದಕ್ಕೆ. ಇಷ್ಟುದ್ದದ ಅಲಗನ್ನು ನಿನ್ನ ಕೈಯಲ್ಲಿ ಹಿಡಿದು ನಿಲ್ಲಿಸುವುದು ಮುಖ್ಯವಾಗಿ ಆ ಮೊಳೆಯೇ. ಅದನ್ನು ತಟ್ಟಿ ತೆಗೆದರೆ ಕತ್ತಿ ಬಿಡಿಬಿಡಿಯಾಗುತ್ತದೆ, ಒರೆಸಿ, ನೋಡಿ, ಮತ್ತೆ ಜೋಡಿಸಬಹುದು. ಅಂಥ ಕತ್ತಿ ಮಾತ್ರ ಬೀಸಲು ಯೋಗ್ಯ.

ಗೋಡೆಗೆ ತೂಗುಹಾಕಲು ಮಾಡಿದ ಕತ್ತಿಯ ಕಥೆ ಬೇರೆ. ಅದರ ಸ್ಟೇನ್‌ಲೆಸ್ ಸ್ಟೀಲಿನ ಅಲಗು ಹಿಡಿಕೆಯ ಹತ್ತಿರಕ್ಕೆ ಬಂದು ತುಂಡಾಗಿರುತ್ತದೆ. ಅಲ್ಲಿಂದ ಮುಂದೆ ಒಂದು ಸಣ್ಣ ಕಂಬಿ ಬೆಸುಗೆ ಹಾಕಿ, ತುದಿಗೆ ನಟ್ ಬಿಗಿದು, ಮೇಲೆ ಹಿಡಿಕೆ ಕೂರಿಸಿರುತ್ತಾರೆ. ತಲೆಯ ಮೇಲಿಂದ ಎರಡೂ ಕೈಯಿಂದ ಬೀಸಿದಾಗ ಅಲಗಿನ ಸೆಳೆತವೆಲ್ಲ ಆ ಬೆಸುಗೆಯ ಮೇಲೆ ಬೀಳುತ್ತದೆ. ಒಂದು ದಿನ ಅದು ಮುರಿಯುತ್ತದೆ. ಮುರಿದ ಅಲಗು ನಿನ್ನ ಕಾಲ ಬುಡಕ್ಕೆ ಬೀಳುವುದಿಲ್ಲ, ಬೀಸಿದ ದಿಕ್ಕಿಗೇ ಹಾರುತ್ತದೆ. ಆ ದಿಕ್ಕಿಗೆ ನಿಂತವರು ಯಾರು? ನಿನ್ನ ಜೊತೆ ಕಲಿಯುವವರು. ಮನೆಯಂಗಳದಲ್ಲಾದರೆ ನಿನ್ನ ತಂಗಿ. ಆದ್ದರಿಂದ ಅಗ್ಗಕ್ಕೆ ಸಿಗುವ ಥಳಥಳ ಕತ್ತಿಯನ್ನು ಅಭ್ಯಾಸಕ್ಕೆ ಅಂತ ಮನೆಯೊಳಗೆ ತರಬೇಡ. ಉಡುಗೊರೆಯಾಗಿ ಬಂದರೂ ಬೀಸಬೇಡ.

ನನಗೆ ಇದೆಲ್ಲ ಹೇಗೆ ಗೊತ್ತು ಎಂದು ನಿನ್ನ ಗೆಳೆಯರು ಕೇಳಬಹುದು. ಹುಮನಾಬಾದಿನ ತಾಲೀಮಿನಲ್ಲಿ ಮಣ್ಣು ಹಚ್ಚಿಕೊಂಡು ಬೆಳೆದವನು ನಾನು. ನೌಕರಿ ಬೆಂಗಳೂರಿಗೆ ಒಯ್ದಾಗ ಅಲ್ಲಿ ಐಕಿಡೊ ಎಂಬ ಜಪಾನಿ ವಿದ್ಯೆ ಕಲಿಯಲು ಸೇರಿದೆ. ಅದರ ಬೆನ್ನಿಗೇ ಮರದ ಕತ್ತಿ, ಆಮೇಲೆ ಒರೆಯಿಂದ ಸೆಳೆಯುವ ಕತ್ತಿ ಕೈಗೆ ಬಂದವು. ಈಗ ನೀನೂ ಅದೇ ಬೆಂಗಳೂರಿನಲ್ಲಿ ಓದುತ್ತ ಅದೇ ದಾರಿ ಹಿಡಿದಿರುವುದು ನನಗೆ ಹೇಳಲಾರದಷ್ಟು ಸಂತೋಷ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನೀನು ಬಸವಕಲ್ಯಾಣದವನು. ಆಯುಧದ ಕಲಿಕೆ ನಿನ್ನ ಊರಿಗೆ ಎಲ್ಲಿಂದಲೋ ಬಂದ ಹೊಸ ಹುಚ್ಚಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಅರಸನ ವಿನೋದಗಳನ್ನು ಹೇಳುವ ಒಂದು ಭಾಗವೇ ಇದೆ. ಸಂಗೀತ, ನೃತ್ಯ, ಕುಸ್ತಿ, ಬೇಟೆ ಎಲ್ಲ ಅದರಲ್ಲಿವೆ. ಅವೆಲ್ಲಕ್ಕೂ ಮುಂಚೆ ಬರುವುದು ಶಸ್ತ್ರವಿನೋದ. ನಿಮ್ಮ ಕೋಟೆಯ ಗೋಡೆಯ ಪಕ್ಕ ನಡೆಯುವಾಗ ಇದು ನೆನಪಿರಲಿ. ಶಸ್ತ್ರವನ್ನು ಒಂದು ವಿದ್ಯೆ ಎಂದು ಕಂಡು, ಅದಕ್ಕೆ ಕ್ರಮ ಹೇಳಿ, ಗ್ರಂಥದಲ್ಲಿ ಜಾಗ ಕೊಟ್ಟ ನೆಲ ಅದು. ಜಪಾನಿನವರೂ ಮಾಡಿದ್ದು ಅದನ್ನೇ. ಅವರು ಆ ಕ್ರಮವನ್ನು ಗುರುವಿನಿಂದ ಶಿಷ್ಯನಿಗೆ ಇಂದಿನವರೆಗೂ ದಾಟಿಸಿಕೊಂಡು ಬಂದರು.

ಇನ್ನು ಕೊಳ್ಳುವ ವಿಚಾರ. ಮೊದಲು ನೀನು ಕಲಿಯುತ್ತಿರುವುದು ಯಾವುದು ಎಂಬುದನ್ನು ಗುರುಗಳ ಬಾಯಿಂದಲೇ ಸ್ಪಷ್ಟ ಮಾಡಿಕೊ. ಕೆಂಡೊ ಆದರೆ ಬಿದಿರಿನ ಶಿನಾಯ್. ಐಕಿಡೊ ಆದರೆ ಮರದ ಬೊಕ್ಕೆನ್. ಒರೆಯಿಂದ ಸೆಳೆದು, ಕಡಿದು, ಮತ್ತೆ ಒರೆಗೆ ಸೇರಿಸುವ ಇಯಾಯ್ದೊ ಆದರೆ ಕೊನೆಗೆ ಮೊಂಡ ಅಲಗಿನ ಇಯಾಯ್ತೊ ಬೇಕಾಗುತ್ತದೆ, ಅದೂ ಗುರುಗಳು ಹೇಳಿದಾಗ. ಒಂದರ ಕತ್ತಿ ಇನ್ನೊಂದಕ್ಕೆ ಆಗುವುದಿಲ್ಲ. ಒಂದೇ ವಿದ್ಯೆಯೊಳಗೂ ಪದ್ಧತಿ ಬದಲಾದರೆ ಕತ್ತಿ ಬದಲಾಗುತ್ತದೆ. ಇವಾಮಾ ಪದ್ಧತಿಯ ಐಕಿಡೊದವರ ಬೊಕ್ಕೆನ್ ದಪ್ಪ, ಬಾಗು ಕಡಿಮೆ. ಕೆಂಡೊದಲ್ಲಿ ಕಟಾ ಎಂಬ ಗೊತ್ತಾದ ವರಸೆಗಳ ಅಭ್ಯಾಸಕ್ಕೆ ಬಳಸುವುದು ತೆಳುವಾದದ್ದು, ಬಾಗಿದ್ದು, ಕೈಕಾವಲಿನ ಬಿಲ್ಲೆ ಹಾಕಿದ್ದು. ಗುರುಗಳನ್ನು ಕೇಳದೆ ಕೊಂಡರೆ ಹಣ ಕೊಟ್ಟು ತಂದದ್ದು ಮೂಲೆಗೆ ಸೇರುತ್ತದೆ.

ಯಾವುದೇ ಕಲಿ, ಮೊದಲ ಕತ್ತಿ ಮರದ್ದೇ ಇರಲಿ. ಇದು ನನ್ನ ಖಚಿತ ಅಭಿಪ್ರಾಯ. ಮರ ಎಂದರೆ ಮಕ್ಕಳಾಟಿಕೆ ಎಂದು ಯಾರಾದರೂ ಅಂದರೆ ಜಪಾನಿನ ಹೆಸರಾಂತ ಕತ್ತಿಗಾರ ಮುಸಾಶಿಯ ಕಥೆ ಹೇಳು. 1612ರಲ್ಲಿ ಗಾನ್ರ್ಯು ದ್ವೀಪದಲ್ಲಿ ಮಿಯಾಮೊತೊ ಮುಸಾಶಿ ತನ್ನ ಎದುರಾಳಿ ಸಸಾಕಿ ಕೊಜಿರೊನನ್ನು ಕೊಂದದ್ದು ಮರದ ಕತ್ತಿಯಿಂದ. ದೋಣಿಯ ಹುಟ್ಟನ್ನು ಕೆತ್ತಿ ಅದನ್ನು ಮಾಡಿಕೊಂಡಿದ್ದ ಎಂದು ಪರಂಪರೆ ಹೇಳುತ್ತದೆ. ಗಟ್ಟಿ ಮರದ ಏಟಿಗೆ ಎಲುಬು ಮುರಿಯುತ್ತದೆ, ತಲೆ ಒಡೆಯುತ್ತದೆ. ಮರದ ಕತ್ತಿಗೆ ಹರಿತ ಇಲ್ಲದಿರುವುದರಿಂದ ನೀನು ನಿನ್ನನ್ನೇ ಕೊಯ್ದುಕೊಳ್ಳುವುದಿಲ್ಲ, ಅಷ್ಟೇ ಅದರ ಅನುಕೂಲ. ಮರ್ಯಾದೆ ಮಾತ್ರ ಉಕ್ಕಿನದಕ್ಕೆ ಕೊಡುವಷ್ಟೇ ಕೊಡಬೇಕು.

ಸಾಮಾನ್ಯ ಬೊಕ್ಕೆನ್ ಸುಮಾರು 102 ಸೆಂಟಿಮೀಟರ್ ಉದ್ದ. ಅದರಲ್ಲಿ ಹಿಡಿಕೆ ಸುಮಾರು 25 ಸೆಂಟಿಮೀಟರ್. ತೂಕ ಅರ್ಧ ಕಿಲೊದ ಆಚೆ ಈಚೆ. ಜಪಾನಿನಲ್ಲಿ ಇದಕ್ಕೆ ಬಿಳಿ ಓಕ್, ಕೆಂಪು ಓಕ್ ಮರ ಬಳಸುತ್ತಾರೆ. ಮಿಯಾಜಾಕಿ ಪ್ರಾಂತದ ಮಿಯಾಕೊನೊಜೊ ಎಂಬ ಊರು ಇದರ ತಯಾರಿಕೆಗೆ ಹೆಸರುವಾಸಿ. ಜೊತೆಗಾರನ ಕತ್ತಿಗೆ ಕತ್ತಿ ತಾಗಿಸುವ ಅಭ್ಯಾಸವಿದ್ದರೆ ಬಿಳಿ ಓಕ್ ಒಳ್ಳೆಯದು, ಏಟು ತಡೆಯುತ್ತದೆ. ಒಬ್ಬನೇ ಗಾಳಿಯಲ್ಲಿ ಬೀಸುವುದಾದರೆ ಕೆಂಪು ಓಕ್ ಸಾಕು. ಸುಬುರಿತೊ ಎಂಬ ಭಾರದ ಬೊಕ್ಕೆನ್ ಕೂಡ ಸಿಗುತ್ತದೆ. ತೋಳು ಗಟ್ಟಿಯಾಗಲಿ ಎಂದು ಅದನ್ನು ಮೊದಲೇ ಕೊಳ್ಳಬೇಡ. ಹಿಡಿತ ಕೂಡುವ ಮುಂಚೆ ಭಾರ ಬೀಸಿದರೆ ಮಣಿಕಟ್ಟು, ಮೊಣಕೈ ಎರಡೂ ನೋವು ಹಿಡಿಯುತ್ತವೆ. ತಾಲೀಮಿನಲ್ಲೂ ಹೊಸ ಹುಡುಗನ ಕೈಗೆ ದೊಡ್ಡ ಮುದ್ಗರ ಕೊಡುತ್ತಿರಲಿಲ್ಲ.

ಆದರೆ ತಮ್ಮಾ, ಬೊಕ್ಕೆನ್ ಜಪಾನಿನಿಂದಲೇ ಬರಬೇಕೆಂದಿಲ್ಲ. ನಮ್ಮ ಕಡೆ ಜಾಲಿ ಇದೆ. ಎತ್ತಿನ ಗಾಡಿಯ ಗಾಲಿಗೆ, ನೇಗಿಲಿಗೆ, ಕುಂಟೆಗೆ, ಕೊಡಲಿಯ ಕಾವಿಗೆ ನಮ್ಮ ಹಿರಿಯರು ಜಾಲಿಯನ್ನೇ ಆರಿಸಿದ್ದು ಸುಮ್ಮನೆ ಅಲ್ಲ. ಅದರ ಕೆಚ್ಚು ಭಾರವಿದೆ, ಏಟು ತಾಳುತ್ತದೆ. ಸಾಗವಾನಿ ಬಾಗಿಲಿಗೆ, ಮಂಚಕ್ಕೆ ಎಷ್ಟು ಒಳ್ಳೆಯದೋ ಇದಕ್ಕೆ ಅಷ್ಟು ಒಳ್ಳೆಯದಲ್ಲ. ಹಗುರ, ಬಡಿತಕ್ಕೆ ಎಳೆಯುದ್ದಕ್ಕೂ ಸೀಳುತ್ತದೆ. ಬೇವೂ ಬೇಡ. ಒಳ್ಳೆಯ ಬಡಿಗನಿಗೆ ನಿನ್ನ ಗುರುಗಳ ಬೊಕ್ಕೆನ್ನಿನ ಅಳತೆ ತೋರಿಸಿದರೆ ಜಾಲಿಯಲ್ಲಿ ಅಂಥದೇ ಒಂದನ್ನು ಮಾಡಿಕೊಡುತ್ತಾನೆ. ಹಲಗೆ ಆರಿಸುವಾಗ ಮಾತ್ರ ನೀನು ಕಟ್ಟಿಗೆ ಅಡ್ಡೆಯಲ್ಲಿ ಅವನ ಪಕ್ಕವೇ ನಿಲ್ಲಬೇಕು.

ಅಲ್ಲಿ ನೋಡಬೇಕಾದದ್ದು ಎಳೆ. ಮರದ ಎಳೆಗಳು ಒಂದು ತುದಿಯಿಂದ ಇನ್ನೊಂದು ತುದಿಗೆ ಹರಿದು ಹೋಗಬೇಕು. ನಡುವೆ ಓರೆಯಾಗಿ ಪಕ್ಕಕ್ಕೆ ಜಾರಿ ಹೊರಬಿದ್ದರೆ ಕತ್ತಿ ಮುರಿಯುವುದು ಸರಿಯಾಗಿ ಅಲ್ಲಿಯೇ. ಬೊಕ್ಕೆನ್ನಿಗೆ ಬಾಗು ಇರುವುದರಿಂದ ಈ ಎಚ್ಚರ ಹೆಚ್ಚು ಬೇಕು. ನೇರ ಎಳೆಯ ಹಲಗೆಯಲ್ಲಿ ಬಾಗು ಕೊಯ್ದಾಗ ಎಳೆ ಎಲ್ಲೋ ಒಂದು ಕಡೆ ತುಂಡಾಗಲೇಬೇಕು. ಬಾಗು ಕಡಿಮೆ ಇದ್ದಷ್ಟೂ ತುಂಡಾಗುವುದು ಕಡಿಮೆ. ಹಲಗೆಯಲ್ಲೇ ಸಹಜವಾದ ಸಣ್ಣ ಬಾಗು ಸಿಕ್ಕರೆ ಅದು ಭಾಗ್ಯ, ಬಿಡಬೇಡ. ಗಂಟು ಒಂದೂ ಇರಬಾರದು, ಹುಳ ತಿಂದ ತೂತೂ ಇರಬಾರದು. ಹಸಿ ಮರ ಬೇಡ. ಒಂದು ಬೇಸಿಗೆಯಾದರೂ ನೆರಳಲ್ಲಿ ಒಣಗಿದ್ದಿರಬೇಕು. ಇಲ್ಲದಿದ್ದರೆ ನಮ್ಮ ಬಿಸಿಲಿಗೆ ಕತ್ತಿ ಪಕ್ಕಕ್ಕೆ ಸೊಟ್ಟಗಾಗುತ್ತದೆ. ಸಿದ್ಧವಾದದ್ದನ್ನು ಕೊಳ್ಳುವಾಗಲೂ ಇದೇ ಪರೀಕ್ಷೆ: ಹಿಡಿಕೆಯ ತುದಿಯನ್ನು ಕಣ್ಣಿಗೆ ಹತ್ತಿರ ಹಿಡಿದು ಮೊನೆಯ ಕಡೆ ಒಂದು ಕಣ್ಣಿನಲ್ಲಿ ನೋಡು. ಬೆನ್ನಿನ ಗೆರೆ ಎಡಬಲಕ್ಕೆ ಹೊರಳಬಾರದು.

ಬಡಿಗನಿಗೆ ಇನ್ನೊಂದು ಮಾತು ಹೇಳಬೇಕು, ವಾರ್ನಿಶ್ ಬೇಡ ಎಂದು. ಬೆವರಿದ ಕೈಯಲ್ಲಿ ವಾರ್ನಿಶ್ ಜಾರುತ್ತದೆ, ಚಕ್ಕೆ ಏಳುವುದನ್ನು ಮರೆಮಾಚುತ್ತದೆ. ಉಪ್ಪುಕಾಗದದಲ್ಲಿ ನುಣ್ಣಗೆ ಉಜ್ಜಿ ಅಗಸಿ ಎಣ್ಣೆ ತಿಕ್ಕು. ನಮ್ಮ ಎರೆಭೂಮಿಯ ಅಗಸಿಯ ಎಣ್ಣೆ ಮರದೊಳಗೆ ಇಳಿದು ಗಟ್ಟಿಯಾಗುತ್ತದೆ. ತೆಳ್ಳಗೆ ಹಚ್ಚಿ, ಒರೆಸಿ, ಒಂದೆರಡು ದಿನ ಬಿಟ್ಟು ಮತ್ತೆ ಹಚ್ಚು. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡ. ಅಗಸಿ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯಾದ ಅರಿವೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಚ್ಚಿ ಹರವಿ ಒಣಗಿಸು.

ಮರದ ಮಾತು ಬಂದಾಗ ನನಗೆ ಮೋಳಿಗೆ ಮಾರಯ್ಯನವರು ನೆನಪಾಗುತ್ತಾರೆ. ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಕಲ್ಯಾಣಕ್ಕೆ ಬಂದು, ಕಾಡಿನಿಂದ ಕಟ್ಟಿಗೆ ಹೊತ್ತು ಮಾರಿ ದಾಸೋಹ ಮಾಡಿದ ಶರಣರು ಎಂದು ಅವರ ಚರಿತ್ರೆ. ಅರಸನ ಕತ್ತಿ ಹಿಡಿದಿದ್ದ ಕೈ ಕಟ್ಟಿಗೆಯ ಹೊರೆ ಹಿಡಿದ ಊರಿನಲ್ಲಿ ಹುಟ್ಟಿದವನಿಗೆ ಮರದ ಕತ್ತಿ ಕಡಿಮೆಯದು ಎಂದು ಅನಿಸಬಾರದು.

ಶಿನಾಯ್ ಬಗ್ಗೆ ಹೆಚ್ಚು ಬರೆಯುವುದಿಲ್ಲ, ನಿನಗೆ ಅದು ಈಗ ಬೇಕಿಲ್ಲ. ಕೆಂಡೊಗೆ ಹೋಗುವ ನಿನ್ನ ಗೆಳೆಯನಿಗೆ ಇಷ್ಟು ಹೇಳು. ನಾಲ್ಕು ಬಿದಿರ ಸೀಳು ಕೂಡಿಸಿ ಕಟ್ಟಿದ ಆ ಕತ್ತಿಗೆ ವಯಸ್ಸಿನ ಪ್ರಕಾರ ಅಳತೆಯಿದೆ. ಹದಿನೆಂಟು ದಾಟಿದವರಿಗೆ 39ರ ಅಳತೆ, ಅಂದರೆ 120 ಸೆಂಟಿಮೀಟರ್ ಒಳಗೆ. ಸ್ಪರ್ಧೆಗೆ ಗಂಡಸರದು 510 ಗ್ರಾಂ, ಹೆಂಗಸರದು 440 ಗ್ರಾಮಿಗಿಂತ ಕಡಿಮೆ ಇರಬಾರದು. ಸುಮಾರು ಮುನ್ನೂರು ವರ್ಷಗಳ ಹಿಂದೆ ಜಪಾನಿನ ಗುರುಗಳು ಶಿನಾಯನ್ನೂ ಮೈಕವಚವನ್ನೂ ಸುಧಾರಿಸಿ ಬಳಕೆಗೆ ತಂದದ್ದೇ ಶಿಷ್ಯರು ಜೋರಾಗಿ ಹೊಡೆದಾಡಿಯೂ ಜೀವಂತ ಮನೆಗೆ ಹೋಗಲಿ ಎಂದು. ಆದರೆ ಸೀಳಿನ ಅಂಚು ಚಕ್ಕೆ ಎದ್ದಿದ್ದರೆ ಅದೇ ಶಿನಾಯ್ ಅಪಾಯಕಾರಿ. ಆ ಚಕ್ಕೆ ಮುಖಗವಚದ ಸರಳುಗಳ ನಡುವೆ ತೂರಿ ಎದುರಿನವರ ಕಣ್ಣಿಗೆ ಚುಚ್ಚಬಹುದು. ಪ್ರತಿಸಲ ಹಿಡಿಯುವ ಮೊದಲು ನಾಲ್ಕೂ ಸೀಳನ್ನು ಕಣ್ಣಿನಿಂದ ನೋಡಿ, ಬೆರಳಿಂದ ಸವರಿ ಪರೀಕ್ಷಿಸಬೇಕು.

ಈಗ ನಿನ್ನ ಮನಸ್ಸು ಇರುವ ಇಯಾಯ್ತೊ. ಅದು ಉಕ್ಕಿನದಲ್ಲ. ಜಪಾನಿನಲ್ಲಿ ಅಭ್ಯಾಸದ ಈ ಕತ್ತಿಯ ಅಲಗನ್ನು ಸಾಮಾನ್ಯವಾಗಿ ಸತು ಮತ್ತು ಅಲ್ಯುಮಿನಿಯಂ ಬೆರೆಸಿ ಎರಕ ಹೊಯ್ಯುತ್ತಾರೆ. ಅಲ್ಲಿ ಉಕ್ಕಿನ ಕತ್ತಿ ಇಟ್ಟುಕೊಳ್ಳಲು ಬಿಗಿಯಾದ ಕಾನೂನಿದೆ. ಈ ಬೆರಕೆ ಲೋಹಕ್ಕೆ ಹರಿತ ಹಿಡಿಯುವುದಿಲ್ಲ, ಅಯಸ್ಕಾಂತ ಅಂಟುವುದಿಲ್ಲ, ತುಕ್ಕು ಹಿಡಿಯುವುದಿಲ್ಲ. ಸತುವಿನ ಸ್ವಭಾವ ಬೀದರ ಜಿಲ್ಲೆಯವರಿಗೆ ಹೇಳಿಕೊಡಬೇಕಿಲ್ಲ. ಬಿದರಿಯ ಹೂಜಿ, ತಟ್ಟೆಗಳೆಲ್ಲ ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ದವೇ. ಆ ಲೋಹ ಬೆಳ್ಳಿಯ ಕುಸುರಿ ಹಿಡಿಯುತ್ತದೆ, ಕೋಟೆಯ ಮಣ್ಣು ಹಚ್ಚಿದರೆ ಕಪ್ಪಾಗಿ ಹೊಳೆಯುತ್ತದೆ. ಆದರೆ ಕಲ್ಲಿನ ಮೇಲೆ ಬಿದ್ದರೆ ಬಿರುಕು ಬಿಡುತ್ತದೆ. ಇಯಾಯ್ತೊ ಕೂಡ ಗಾಳಿಯಲ್ಲಿ ಬೀಸಲು ಮಾತ್ರ. ಕಬ್ಬು, ಬಾಳೆ ದಿಂಡು, ತೆಂಗಿನಕಾಯಿ ಯಾವುದನ್ನೂ ಅದರಿಂದ ಕಡಿಯಬಾರದು. ಇನ್ನೊಂದು ಕತ್ತಿಗೆ ಎಂದೂ ತಾಗಿಸಬಾರದು. ಅಂಚು ಮೊಂಡಾದರೂ ಮೊನೆ ಚೂಪೇ ಇರುತ್ತದೆ ಎಂಬುದನ್ನೂ ಮರೆಯಬೇಡ. ಒರೆಗೆ ಸೇರಿಸುವಾಗ ಎಡಗೈಯ ಹೆಬ್ಬೆರಳಿನ ಸಂದಿಗೆ ಅದು ಚುಚ್ಚುತ್ತದೆ.

ಉದ್ದವನ್ನು ಶಾಕು ಎಂಬ ಅಳತೆಯಲ್ಲಿ ಹೇಳುತ್ತಾರೆ. ಒಂದು ಶಾಕು 30.3 ಸೆಂಟಿಮೀಟರ್, ಹೆಚ್ಚುಕಡಿಮೆ ನಮ್ಮ ಒಂದು ಫೂಟು. ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಲಗನ್ನು ಮಾತ್ರ, ಹಿಡಿಕೆ ಸೇರುವುದಿಲ್ಲ. ನೀನು ಐದು ಫೂಟು ಏಳು ಇಂಚು ಇದ್ದೀಯ. ನಿನಗೆ 2.4 ಶಾಕು, ಅಂದರೆ ಸುಮಾರು 73 ಸೆಂಟಿಮೀಟರ್, ಇಲ್ಲವೇ 2.45 ಶಾಕು ಹೊಂದಬೇಕು. ಆದರೆ ಪಟ್ಟಿಗಿಂತ ಮೈಯ ಅಳತೆ ದೊಡ್ಡದು. ನೇರ ನಿಂತು, ಬಲಗೈಯಲ್ಲಿ ಹಿಡಿದು, ಕೈ ಸಡಿಲ ಬಿಟ್ಟಾಗ ಮೊನೆ ಪಾದದ ಹತ್ತಿರಕ್ಕೆ ಬಂದು ನೆಲಕ್ಕೆ ತಾಗದೆ ನಿಲ್ಲಬೇಕು. ಇನ್ನೂ ಮುಖ್ಯವಾದದ್ದು, ಭುಜ ಎತ್ತದೆ, ಸೊಂಟ ಅತಿಯಾಗಿ ತಿರುಚದೆ ಅಲಗು ಪೂರ್ತಿ ಒರೆಯಿಂದ ಹೊರಬರಬೇಕು. ಉದ್ದ ಕತ್ತಿ ಹಿಡಿದರೆ ದೊಡ್ಡವನಂತೆ ಕಾಣುತ್ತೇನೆ ಎಂಬ ಆಸೆ ಹುಡುಗರಿಗಿರುತ್ತದೆ. ಒರೆಯ ಬಾಯಲ್ಲಿ ಮೊನೆ ಸಿಕ್ಕಿಕೊಂಡು ಒದ್ದಾಡುವುದು ಆ ಆಸೆಗೆ ತೆರಬೇಕಾದ ಬೆಲೆ. ತೂಕ 700ರಿಂದ 900 ಗ್ರಾಂ ಒಳಗಿದ್ದರೆ ಮೊದಲ ಕತ್ತಿಗೆ ಸಾಕು. ನಿನ್ನ ತಂಗಿಯೂ ಕಲಿಯುತ್ತೇನೆ ಎನ್ನುತ್ತಾಳಲ್ಲ, ಅವಳಿಗೆ ಹಿಡಿಕೆ ತೆಳುವಾದದ್ದು ನೋಡಬೇಕು. ಮುಷ್ಟಿ ತುಂಬಿ ಬೆರಳು ಮುಚ್ಚದ ಹಿಡಿಕೆಯಿಂದ ಕತ್ತಿ ಜಾರುತ್ತದೆ.

ಅವಳು ಎಡಗೈಯವಳು ಎಂಬುದೂ ನನಗೆ ನೆನಪಿದೆ. ಅದಕ್ಕೆ ಬೇರೆ ಕತ್ತಿ ಹುಡುಕಬೇಡಿ. ಜಪಾನಿನ ಕತ್ತಿವಿದ್ಯೆಯಲ್ಲಿ ಎಲ್ಲರೂ ಎಡಸೊಂಟದಲ್ಲಿ ಒರೆ ಕಟ್ಟಿ ಬಲಗೈಯಿಂದಲೇ ಸೆಳೆಯುತ್ತಾರೆ. ಎಡಗೈಯವರಿಗೆ ಇದರಲ್ಲಿ ನಷ್ಟವಿಲ್ಲ. ಬೀಸುವಾಗ ಹಿಡಿಕೆಯ ತುದಿಯಲ್ಲಿದ್ದು ಬಲ ಕೊಡುವುದು ಎಡಗೈಯೇ.

ಕತ್ತಿ ಕೈಗೆ ಬಂದಾಗ ನೋಡುವ ಕ್ರಮ ಹೇಳುತ್ತೇನೆ. ಮೆಕುಗಿಯನ್ನು ಹೆಬ್ಬೆರಳಿಂದ ಒತ್ತು, ಕದಲಬಾರದು. ಹಿಡಿಕೆ ಹಿಡಿದು ಮೆಲ್ಲಗೆ ಅಲುಗಿಸು, ಒಳಗಿನಿಂದ ಟಕಟಕ ಸದ್ದು ಬರಬಾರದು. ಹಿಡಿಕೆಯ ಸುತ್ತನ್ನು ತಿರುಚಿ ನೋಡು, ಪಟ್ಟಿ ಜರುಗಬಾರದು. ಒರೆಯಲ್ಲಿ ಕತ್ತಿ ಇಟ್ಟು, ಕೆಳಗೆ ಮೆತ್ತೆ ಹಾಕಿ, ತಲೆಕೆಳಗು ಮಾಡು. ಅಲಗಿನ ಬುಡಕ್ಕೆ ಹಾಕಿದ ಹಿತ್ತಾಳೆ ಇಲ್ಲವೇ ತಾಮ್ರದ ಪಟ್ಟಿ ಒರೆಯ ಬಾಯನ್ನು ಕಚ್ಚಿ ಹಿಡಿದಿರಬೇಕು, ಕತ್ತಿ ತಾನಾಗಿ ಜಾರಬಾರದು. ಅಂಗಡಿಯಲ್ಲಿ ಸರಿಯಿದ್ದದ್ದು ಊರಿಗೆ ಬಂದ ಮೇಲೂ ಸರಿಯಿರುತ್ತದೆ ಎಂದುಕೊಳ್ಳಬೇಡ. ಕಡಲ ನಡುವಿನ ಆ ದೇಶದ ತೇವದಲ್ಲಿ ತಯಾರಾದ ಮರ ನಮ್ಮ ಏಪ್ರಿಲ್, ಮೇ ತಿಂಗಳ ಒಣಬಿಸಿಲಿಗೆ ಕುಗ್ಗುತ್ತದೆ. ಹಿಡಿಕೆ ಸಡಿಲವಾಗುತ್ತದೆ, ಒರೆ ಸೀಳುತ್ತದೆ. ಪತ್ರಾಸಿನ ಕೋಣೆಯಲ್ಲಿ, ಬಿಸಿಲಿಗೆ ನಿಂತ ಕಾರಿನಲ್ಲಿ ಇಡಬೇಡ. ಕಲ್ಲಿನ ಗೋಡೆಯ ಒಳಮನೆ ಇದೆಯಲ್ಲ, ಅಲ್ಲಿ ಅಡ್ಡಲಾಗಿ ಇಡು. ಅಲಗಿಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಕೆಲವರಿಗಿದೆ. ಅದು ಜಿಗುಟಾಗಿ ಧೂಳು ಹಿಡಿಯುತ್ತದೆ. ಹೊಲಿಗೆ ಯಂತ್ರದ ತೆಳು ಎಣ್ಣೆಯ ಒಂದು ಹನಿ ಒರೆಸಿದರೆ ಬೇಕಾದಷ್ಟಾಯಿತು. ಇಷ್ಟೆಲ್ಲ ನೋಡಿದ ಮೇಲೂ ಪ್ರತಿದಿನ ಅಭ್ಯಾಸಕ್ಕೆ ಮುಂಚೆ ಮೆಕುಗಿ ಮತ್ತೆ ನೋಡಬೇಕು. ಬದಲಿ ಮೆಕುಗಿಯೊಂದು ಚೀಲದಲ್ಲಿರಲಿ.

ಹರಿತವಾದ ಉಕ್ಕಿನ ಕತ್ತಿಯ ಮಾತನ್ನು ಈಗ ಎತ್ತಲೇಬೇಡ. ನಿನ್ನ ಗುರುಗಳು ತಾವಾಗಿ ಎತ್ತುವ ದಿನ ಬಂದರೆ ಬರಲಿ.

ಕಾನೂನಿನ ವಿಚಾರವನ್ನು ಗಮನವಿಟ್ಟು ಓದು. 1959ರ ಶಸ್ತ್ರಾಸ್ತ್ರ ಕಾಯ್ದೆ, ಅದರಡಿ ಬಂದ 2016ರ ನಿಯಮಗಳು ಬಂದೂಕಿಗೆ ಮಾತ್ರ ಸಂಬಂಧಪಟ್ಟವಲ್ಲ. ಒಂಬತ್ತು ಇಂಚಿಗಿಂತ ಉದ್ದ ಅಥವಾ ಎರಡು ಇಂಚಿಗಿಂತ ಅಗಲವಾದ ಅಲಗಿನ ಹರಿತವಾದ ಆಯುಧಗಳಲ್ಲಿ ಕತ್ತಿಯನ್ನು ಹೆಸರು ಹಿಡಿದೇ ಸೇರಿಸಿದ್ದಾರೆ. ಮನೆಗೆಲಸದ, ಒಕ್ಕಲುತನದ ಸಾಧನಗಳಿಗೆ ವಿನಾಯಿತಿಯಿದೆ, ಕತ್ತಿಗೆ ಇಲ್ಲ. ಸರ್ಕಾರ ಅಧಿಸೂಚನೆ ಹೊರಡಿಸಿದ ಪ್ರದೇಶಗಳಲ್ಲಿ ಇವನ್ನು ಇಟ್ಟುಕೊಳ್ಳಲೂ ಲೈಸೆನ್ಸ್ ಬೇಕು. ಹೊರದೇಶದಿಂದ ಆಯುಧ ತರಿಸಲು ಕಾಯ್ದೆಯ 10ನೆಯ ಕಲಂ ಪ್ರಕಾರ ಲೈಸೆನ್ಸ್ ಬೇಕು. 'ಭಾರತಕ್ಕೂ ಕಳಿಸುತ್ತೇವೆ' ಎಂದು ಬರೆದುಕೊಂಡ ಮಾರಾಟಗಾರ ನಿನ್ನ ಹಣ ತೆಗೆದುಕೊಂಡು ಪಾರ್ಸೆಲ್ ಕಳಿಸುತ್ತಾನೆ. ಕಸ್ಟಮ್ಸ್‌ನಲ್ಲಿ ಅದು ಸಿಕ್ಕಿಬಿದ್ದರೆ ಉತ್ತರ ಕೊಡಬೇಕಾದವನು ನೀನು. ಮೊಂಡ ಅಲಗು ಆಯುಧವಲ್ಲ ಎಂದು ನೀನು ವಾದಿಸಬಹುದು, ಆದರೆ ಚೆಕ್‌ಪೋಸ್ಟಿನಲ್ಲಿ ನಿಂತ ಪೊಲೀಸರಿಗೆ ಕಾಣುವುದು ಕತ್ತಿಯ ಆಕಾರ. ಅದಕ್ಕೇ ಕೊಳ್ಳುವ ಮೊದಲೇ ಠಾಣೆಗೆ ಹೋಗಿ ವಿಚಾರಿಸು, ಬರೆದುಕೊಟ್ಟು ವಿಚಾರಿಸಿದರೆ ಇನ್ನೂ ಒಳ್ಳೆಯದು. ಕೊಂಡ ರಸೀದಿ, ಗುರುಗಳು ತಮ್ಮ ಸಂಸ್ಥೆಯ ಹೆಸರಿನಲ್ಲಿ ಕೊಟ್ಟ ಪತ್ರ ಎರಡೂ ಕತ್ತಿಯ ಚೀಲದಲ್ಲೇ ಇರಲಿ. ವಿಮಾನದಲ್ಲಾದರೆ ಮರದ ಬೊಕ್ಕೆನ್ ಕೂಡ ಕೈಚೀಲದ ಜೊತೆ ಒಳಗೆ ಬಿಡುವುದಿಲ್ಲ. ಚುನಾವಣೆ ಇದ್ದಾಗ, ಮೆರವಣಿಗೆಗಳ ಕಾಲದಲ್ಲಿ ನಿಷೇಧಾಜ್ಞೆ ಇದ್ದಾಗ ಯಾವ ಕತ್ತಿಯನ್ನೂ ಊರಿಗೆ ತರಬೇಡ. ಹೆದ್ದಾರಿ ಕೂಡುವ ಹುಮನಾಬಾದಿನಲ್ಲಿ ಬಸ್ ಬದಲಿಸುವಾಗ ಚೀಲ ತಪಾಸಣೆಯಾದರೆ ಆಶ್ಚರ್ಯವಿಲ್ಲ.

ಇನ್ನೊಂದು ಮಾತು, ಇದು ನಿನ್ನ ಗೆಳೆಯರಿಗೂ. ಹುಟ್ಟುಹಬ್ಬಕ್ಕೆ ತಲವಾರ್ ಹಿಡಿದು ಕೇಕ್ ಕತ್ತರಿಸುವುದು, ಅದನ್ನು ಸ್ಟೇಟಸ್‌ಗೆ ಹಾಕುವುದು ನಮ್ಮ ಕಡೆಯ ಹುಡುಗರಲ್ಲಿ ಚಾಳಿಯಾಗಿದೆ. ಅಂಥ ವಿಡಿಯೊ ನೋಡಿಯೇ ಪೊಲೀಸರು ಕೇಸು ಹಾಕಿದ್ದಾರೆ. ಕೇಸು ಬಿದ್ದ ಹುಡುಗನ ನೌಕರಿ, ಪಾಸ್‌ಪೋರ್ಟ್ ಎಲ್ಲಕ್ಕೂ ತೊಡಕು. ಆದರೆ ನಾನು ಬೇಡ ಎನ್ನುವುದು ಕೇಸಿನ ಹೆದರಿಕೆಗೆ ಮಾತ್ರ ಅಲ್ಲ. ನಿಮ್ಮ ಕಡೆಯ ಗೋರಟಾದಲ್ಲಿ 1948ರಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡದ ಸ್ಮಾರಕ ನಿಂತಿದೆ. ಆಯುಧ ಹಿಡಿದವರು ಊರಿಗೆ ನುಗ್ಗಿದರೆ ಏನಾಗುತ್ತದೆ ಎಂಬುದನ್ನು ಕಂಡ ಮನೆಗಳು ನಮ್ಮ ಸೀಮೆಯಲ್ಲಿವೆ. ಆ ಮನೆಯ ಮುದುಕಿಯೊಬ್ಬಳ ಕಣ್ಣೆದುರು ಕತ್ತಿ ಬೀಸಿ ನಗುವುದು ಸಲ್ಲದು. ಅಭ್ಯಾಸದ ಜಾಗ ಬಿಟ್ಟು ಹೊರಗೆ ನಿನ್ನ ಕತ್ತಿ, ಮರದ್ದೇ ಆಗಲಿ, ಚೀಲದಲ್ಲೇ ಇರಬೇಕು.

ಕತ್ತಿ ಹೊರತೆಗೆಯಲು ಒಂದು ಹೊತ್ತು, ಒಂದು ಕ್ರಮ ಇದೆ ಎಂಬುದನ್ನು ಹುಮನಾಬಾದಿನಲ್ಲಿ ಹುಟ್ಟಿದ ನಾನು ಜಪಾನಿನ ವಿದ್ಯೆಗೂ ಮುಂಚೆಯೇ ಕಂಡದ್ದು ವೀರಭದ್ರೇಶ್ವರನ ಜಾತ್ರೆಯಲ್ಲಿ. ಪುರವಂತರು ಕಾಸೆ ಕಟ್ಟಿ, ವೀರಭದ್ರನ ಹಲಗೆ ಎದೆಗೆ ಕಟ್ಟಿಕೊಂಡು, ಕತ್ತಿ ಹಿಡಿದು ಒಡಪು ಹೇಳುತ್ತ ಕುಣಿಯುವಾಗ ಸುತ್ತ ನೆರೆದ ಜನಕ್ಕೆ ಹೆದರಿಕೆ ಆಗುವುದಿಲ್ಲ. ಆ ಕೈಗೆ ಹಿರಿಯರಿಂದ ಬಂದ ತಾಳವಿದೆ, ಹೆಜ್ಜೆಯಿದೆ, ಕತ್ತಿ ದಾರಿ ತಪ್ಪುವುದಿಲ್ಲ ಎಂಬ ನಂಬಿಕೆ ನೋಡುವವರಿಗಿದೆ. ಜಾತ್ರೆ ಮುಗಿದರೆ ಕತ್ತಿ ಒಳಗೆ ಹೋಗುತ್ತದೆ. ಮಹಾನವಮಿಯ ಖಂಡೆಪೂಜೆಯಲ್ಲೂ ಆಯುಧಕ್ಕೆ ಮೊದಲು ಕೈ ಮುಗಿದು ಆಮೇಲೆ ಮುಟ್ಟುತ್ತೇವೆ. ನಿನ್ನ ತರಗತಿಯಲ್ಲಿ ಕತ್ತಿಗೆ ತಲೆಬಾಗಿ ನಮಸ್ಕರಿಸಲು ಹೇಳಿದಾಗ ಸಂಕೋಚಪಡಬೇಡ, ಅದು ನಿನ್ನ ಮನೆಯ ರೂಢಿಯೇ.

ಗುರುವಿಲ್ಲದೆ ವಿಡಿಯೊ ನೋಡಿ ಕಲಿಯುತ್ತೇನೆ ಎಂದು ಇಲ್ಲಿಯ ಕೆಲವು ಹುಡುಗರು ನನ್ನ ಹತ್ತಿರ ಬಂದಿದ್ದಾರೆ. ಅವರಿಗೆ ಕತ್ತಿ ಕೊಳ್ಳಬೇಡಿ ಎಂದೇ ಹೇಳಿದೆ. ವಿಡಿಯೊ ನಿನ್ನ ಮೊಣಕೈ ಹೊರಗೆ ಚಾಚಿರುವುದನ್ನು ನೋಡಿ ಸರಿಮಾಡುವುದಿಲ್ಲ. ಗುರುಗಳನ್ನು ಕೂಡ ಕೇಳಿ ತಿಳಿದುಕೊಳ್ಳಬೇಕು: ನೀವು ಯಾರ ಹತ್ತಿರ ಕಲಿತಿರಿ, ಯಾವ ಪದ್ಧತಿ, ಶ್ರೇಣಿ ಕೊಟ್ಟವರು ಯಾರು? ನಿಜವಾದ ಗುರುಗಳು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ, ತಮ್ಮ ಗುರುಗಳ ಹೆಸರು ಹೇಳುವುದು ಅವರಿಗೆ ಹೆಮ್ಮೆ. ತಾವೇ ಕತ್ತಿ ಮಾರುತ್ತ, ಸೇರಿದ ದಿನವೇ ದುಬಾರಿ ಕತ್ತಿ ಕೊಳ್ಳಲು ಒತ್ತಾಯಿಸುವವರ ಹತ್ತಿರ ಮಾತ್ರ ನಿಲ್ಲಬೇಡ. ನಿನ್ನ ಗುರುಗಳು ಆರು ತಿಂಗಳು ಮರದ ಕತ್ತಿ ಸಾಕು ಅಂದಿದ್ದಾರೆ ಎಂದು ಬೇಸರದಿಂದ ಬರೆದಿದ್ದೀಯ. ನನಗೆ ಅದನ್ನು ಓದಿಯೇ ಅವರ ಮೇಲೆ ಗೌರವ ಹುಟ್ಟಿತು.

ಒಂದು ಒಳ್ಳೆಯ ಇಯಾಯ್ತೊಗೆ ಹತ್ತಾರು ಸಾವಿರ ರೂಪಾಯಿ ಆಗುತ್ತದೆ. ಆ ಹಣವನ್ನು ಅಪ್ಪನ ಹತ್ತಿರ ಕೇಳಬೇಡ. ತಿಂಗಳು ತಿಂಗಳು ಸ್ವಲ್ಪ ತೆಗೆದಿಡು. ಹಣ ಕೂಡುವ ಹೊತ್ತಿಗೆ ನಿನ್ನ ಹಿಡಿತ ಕೂಡಿರುತ್ತದೆ, ಯಾವ ಉದ್ದ, ಎಷ್ಟು ತೂಕ ನಿನ್ನ ಮೈಗೆ ಸರಿ ಎಂಬುದು ಅಂಗಡಿಯವನಿಗಿಂತ ನಿನಗೇ ಚೆನ್ನಾಗಿ ಗೊತ್ತಿರುತ್ತದೆ.

ದೀಪಾವಳಿಗೆ ಊರಿಗೆ ಬರುವಾಗ ಗುರುಗಳ ಬೊಕ್ಕೆನ್ನಿನ ಅಳತೆ ಕಾಗದದ ಮೇಲೆ ತೆಗೆದುಕೊಂಡು ಬಾ. ಪೂರ್ತಿ ಉದ್ದ, ಹಿಡಿಕೆಯ ಉದ್ದ, ಹಿಡಿಕೆಯ ಸುತ್ತಳತೆ, ನಡುವಿನ ಬಾಗು, ತೂಕ ಇಷ್ಟೂ ಇರಲಿ. ತಂಗಿಯ ಅಂಗೈಯ ಅಳತೆಯೂ ಬೇಕು. ಕಳೆದ ಬೇಸಿಗೆಯಿಂದ ಒಣಗುತ್ತಿರುವ ಜಾಲಿ ಹಲಗೆ ಇಲ್ಲಿಯ ಬಡಿಗರ ಹತ್ತಿರ ಇದೆ, ನಾನು ಎಳೆ ನೋಡಿ ಎರಡು ಆರಿಸಿ ಇಡಿಸಿದ್ದೇನೆ. ಬೆಳಿಗ್ಗೆಯೇ ಬಾ, ಸಂಜೆಯ ಬೆಳಕಿನಲ್ಲಿ ಎಳೆ ಸರಿಯಾಗಿ ಕಾಣುವುದಿಲ್ಲ.

ನಿನ್ನ
ಮುತ್ಯಾ